ನೋಡಿ ಬರೆದ ಸೊನ್ನೆ

ಆಶ್ಚರ್ಯವಾದರೆ ಅಪ್ಪಯ್ಯನ ಮಾತು ನಿಂತುಬಿಡುತ್ತಿತ್ತು, ಕೈ ಜೇಬಿನಲ್ಲಿ ಪೆನ್ಸಿಲ್ ತಡಕುತ್ತಿತ್ತು. ಉಳಿದವರು ‘ಅಬ್ಬಬ್ಬಾ’ ಎನ್ನುವ ಕಡೆ ಅವರು ‘ಎಷ್ಟಿರಬಹುದು?’ ಎನ್ನುತ್ತಿದ್ದರು. ಮದುವೆಮನೆಯ ಕೊಪ್ಪರಿಗೆ ಕಂಡರೂ ಅಷ್ಟೆ, ಗಾಳಿಗೆ ಬುಡಮೇಲಾದ ಹಳೇ ಹಲಸಿನ ಮರ ಕಂಡರೂ ಅಷ್ಟೆ. ಜೋಗಕ್ಕೆ ಹೋದಾಗ ನಾವೆಲ್ಲ ತುಂತುರಿಗೆ ಮುಖವೊಡ್ಡಿ ಕೂಗಾಡುತ್ತಿದ್ದರೆ ಅವರು ಕೈಗಡಿಯಾರ ಹಿಡಿದು, ರಾಜಾ ಕವಲಿನ ಒಂದು ಬಿಳಿ ನೊರೆಯ ಮುದ್ದೆ ತಲೆಯಿಂದ ಬುಡಕ್ಕೆ ಬರಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸುತ್ತಿದ್ದರು. 830 ಅಡಿ. ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದೇ ಲೆಕ್ಕ.

ಇಂಥವರ ಬಗ್ಗೆ ನಮ್ಮಲ್ಲಿ ಒಂದು ಅಸಡ್ಡೆ ಇದೆ. ಬೆರಗು ಅಂದರೆ ಬಾಯಿ ತೆರೆದು ನಿಲ್ಲುವುದು, ಲೆಕ್ಕ ಹಾಕುವವನಿಗೆ ಅದು ದಕ್ಕುವುದಿಲ್ಲ ಎಂದು ಕವಿಗಳೂ ಹೇಳಿದ್ದಾರೆ, ಕವಿಗಳಲ್ಲದವರೂ ನಂಬಿದ್ದಾರೆ. ಅಪ್ಪಯ್ಯ ಹೋದ ಮೇಲೆ ಬಂದವರೆಲ್ಲ ಜಗಲಿಯಲ್ಲಿ ಕೂತು ‘ಲೆಕ್ಕದ ಮನುಷ್ಯ’, ‘ಶಿಸ್ತಿನವರು’ ಅಂದರು. ಸುಳ್ಳಲ್ಲ. ಆದರೆ ನಾನು ಕಂಡವರಲ್ಲಿ ಅಷ್ಟು ದೀರ್ಘಕಾಲ, ಅಷ್ಟು ದಣಿಯದೆ ಬೆರಗುಪಟ್ಟವರು ಇನ್ನೊಬ್ಬರಿಲ್ಲ ಎಂದು ಅವರಿಗೆ ಹೇಳಬೇಕೆನಿಸಿತ್ತು. ಬೆರಗು ಅವರ ಅಂಕಿಗಳ ಒಳಗಿತ್ತು, ಅಷ್ಟೆ. ಹೊರಗಿನಿಂದ ಕಾಣುತ್ತಿರಲಿಲ್ಲ.

ನಮ್ಮದು ಕೊಪ್ಪ–ಶೃಂಗೇರಿ ನಡುವಿನ ಒಂಟಿಮನೆ. ತಗ್ಗಿನಲ್ಲಿ ಅಡಿಕೆ ತೋಟ, ಗುಡ್ಡದ ಮೈಗೆ ಸ್ವಲ್ಪ ಕಾಫಿ, ಕಾಲುಹಾದಿ ದಾಟಿದರೆ ತುಂಗೆಗೆ ಸೇರುವ ಹಳ್ಳ. ಅಂಗಳದ ಮೂಲೆಯಲ್ಲಿ ಮರದ ನೆರಳು ತಾಗದ ಕಡೆ ಒಂದು ಮಳೆಮಾಪಕ. ಯಾವುದೋ ಎಸ್ಟೇಟಿನವರು ಹಳೇ ಸಾಮಾನು ಹರಾಜು ಹಾಕಿದಾಗ ಅಪ್ಪಯ್ಯ ತಂದದ್ದು. ಐದು ಇಂಚು ಅಗಲದ ಬಾಯಿ, ಒಳಗೊಂದು ಲಾಳಿಕೆ, ಅದರ ಕೆಳಗೆ ಸೀಸೆ. ಬಾಯಿಯ ಅಂಚು ನೆಲದಿಂದ ಒಂದು ಅಡಿ ಮೇಲಿರಬೇಕು. ತಗ್ಗಿದರೆ ನೆಲದ ಹನಿ ಸಿಡಿದು ಒಳಗೆ ಬೀಳುತ್ತದೆ, ಎತ್ತರವಾದರೆ ಗಾಳಿ ಹನಿಯನ್ನು ಆಚೆ ಒಯ್ಯುತ್ತದೆ. ಸುತ್ತಲಿನ ಹುಲ್ಲನ್ನು ಅವರೇ ಸವರುತ್ತಿದ್ದರು, ಆಳಿಗೂ ಬಿಡುತ್ತಿರಲಿಲ್ಲ.

ಮೇಲಿನ ಮನೆಯ ರಾಯರು ಆ ಕಡೆ ಹೋಗುವಾಗಲೆಲ್ಲ ಬೇಲಿಯಾಚೆಯಿಂದ ಕೇಳುತ್ತಿದ್ದರು:

“ಎಂತ ಮಾರಾಯ್ರೆ, ಮಳೆ ಅಳೆದ್ರೆ ಅಡಿಕೆ ರೇಟು ಏರ್ತದಾ?”

“ಅಡಿಕೆ ತೂಗಿದ್ರೂ ರೇಟು ಏರೂದಿಲ್ಲ. ಆದ್ರೂ ತೂಗ್ತೀವಲ್ಲ!”

ಬೆಳಿಗ್ಗೆ ಎಂಟೂವರೆಗೆ ಅಳತೆ. ದೇಶದ ಎಲ್ಲ ಹವಾಮಾನ ಠಾಣೆಗಳಲ್ಲಿ ಮಳೆ ಅಳೆಯುವುದು ಅದೇ ಹೊತ್ತಿಗೆ, ಎಂಟೂವರೆಗೆ. ಅವರು ಯಾವ ಠಾಣೆಗೂ ಸೇರಿದವರಲ್ಲ, ಯಾರಿಗೂ ವರದಿ ಕಳಿಸಬೇಕಿರಲಿಲ್ಲ. ಆದರೂ ಗಡಿಯಾರದ ಮುಳ್ಳು ಎಂಟೂಕಾಲು ದಾಟಿದೊಡನೆ ಕಂಬಳಿಕೊಪ್ಪೆ ಹೊದ್ದು ಸಿದ್ಧರಾಗುತ್ತಿದ್ದರು. ಆರಿದ್ರಾ, ಪುನರ್ವಸು, ಪುಷ್ಯದ ದಿನಗಳಲ್ಲಿ ಒಳಗಿನ ಸೀಸೆ ಉಕ್ಕಿ ಹೊರಗಿನ ಡಬ್ಬಿಗೂ ನೀರು ಬಂದಿರುತ್ತಿತ್ತು. ಅದನ್ನೆಲ್ಲ ಕಿರಿದಾದ ಅಳತೆಗಾಜಿಗೆ ಸುರಿದು ಸುರಿದು ಎಣಿಸಬೇಕು. ಒಂದು ಗಾಜು ತುಂಬಿ ಚೆಲ್ಲಿದರೆ ಜಗಲಿಯ ಕಟ್ಟೆಯ ಮೇಲೆ ಒಂದು ಗೋಟು ಅಡಿಕೆ. ಇನ್ನೊಂದು ಗಾಜು, ಇನ್ನೊಂದು ಅಡಿಕೆ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸಕೂಡದು. ಅಮ್ಮ ಕಾಫಿ ತಂದಿಟ್ಟರೆ ಕಣ್ಣಲ್ಲೇ ಸನ್ನೆ. ಕೊನೆಗೆ ಅಡಿಕೆ ಎಣಿಸಿ, ಗಾಜಿನಲ್ಲಿ ಉಳಿದದ್ದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಪುಸ್ತಕದಲ್ಲಿ ಬರೆಯುವುದು. ದೇಶ ಮೆಟ್ರಿಕ್ಕಿಗೆ ಹೋಗಿ ಎಷ್ಟೋ ಕಾಲವಾದರೂ ನಮ್ಮ ಕಡೆ ಮಳೆಗೆ ಇಂಚು, ಸೆಂಟ್ಸೇ. ಅವರ ಪುಸ್ತಕದಲ್ಲಿ ಎರಡೂ ಇರುತ್ತಿತ್ತು.

ನನಗೆ ಸೋಜಿಗವಾಗಿ ಉಳಿದಿರುವುದು ಆ ಮಳೆಗಾಲದ ದೊಡ್ಡ ಅಂಕಿಗಳಲ್ಲ. ಜನವರಿ, ಫೆಬ್ರವರಿಯಲ್ಲಿ, ತಿಂಗಳುಗಟ್ಟಲೆ ಮೋಡದ ಚೂರೂ ಇಲ್ಲದ ದಿನಗಳಲ್ಲಿ ಸಹ ಅವರು ಎಂಟೂವರೆಗೆ ಅಂಗಳಕ್ಕಿಳಿಯುತ್ತಿದ್ದರು. ಲಾಳಿಕೆ ಎತ್ತಿ, ಸೀಸೆಯೊಳಗೆ ಇಣುಕಿ, ಒಳಗೆ ಬಂದು ‘0’ ಬರೆಯುತ್ತಿದ್ದರು. ಒಮ್ಮೆ ಅಣ್ಣ ನಕ್ಕು, “ಮಳೆ ಬರ್ಲಿಲ್ಲ ಅಂತ ಮಲಗಿದಲ್ಲೇ ಗೊತ್ತಾಗ್ತದಲ್ಲ ಅಪ್ಪಯ್ಯ, ವಾರಕ್ಕೊಮ್ಮೆ ಏಳು ಸೊನ್ನೆ ಒಟ್ಟಿಗೆ ಬರೆದ್ರಾಯ್ತು” ಅಂದ.

“ಸೊನ್ನೆಯನ್ನೂ ನೋಡಿಯೇ ಬರೀಬೇಕು” ಅಂದರು.

ಒಮ್ಮೊಮ್ಮೆ ಇಬ್ಬನಿ ಇಳಿದು ಸೀಸೆಯ ತಳದಲ್ಲಿ ಅಳೆಯಲಾಗದಷ್ಟು ತೇವವಿರುತ್ತಿತ್ತು. ಆವತ್ತು ಸೊನ್ನೆಯ ಪಕ್ಕದಲ್ಲಿ ‘ಹನಿ’ ಎಂದು ಬರೆಯುತ್ತಿದ್ದರು. ಮಲಗಿದಲ್ಲೇ ಬರೆದಿದ್ದರೆ ಆ ಹನಿ ಇರುತ್ತಿರಲಿಲ್ಲ. 2023ರ ಆಗಸ್ಟಿನಲ್ಲಿ, ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ ಎಂದು ಹವಾಮಾನ ಇಲಾಖೆ ಹೇಳಿದ ಆ ತಿಂಗಳಲ್ಲಿ, ಗದ್ದೆಯ ನೆಟ್ಟಿಗೆ ನೀರಿಲ್ಲದೆ ಊರೆಲ್ಲ ಕಂಗಾಲಾಗಿತ್ತು. ಅಪ್ಪಯ್ಯನೂ ಚಿಂತೆಯಲ್ಲಿದ್ದರು. ಆದರೂ ಆಶ್ಲೇಷ ಮಳೆಯ ಪುಟದಲ್ಲಿ ಸೊನ್ನೆ ಬರೆದು ಕನ್ನಡಕ ತೆಗೆದು ಅದನ್ನೇ ನೋಡುತ್ತ ಕೂತಿದ್ದರು. ಪ್ರವಾಹದ ಅಂಕಿಯನ್ನು ಅವರು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

ಅವರಿಗೆ ಬಹಳ ಪ್ರಿಯವಾದ ಲೆಕ್ಕವೊಂದಿತ್ತು. ಮನೆಗೆ ಬಂದ ಹೈಸ್ಕೂಲು ಹುಡುಗರಿಗೆಲ್ಲ ಅದನ್ನು ಕೊಡುತ್ತಿದ್ದರು. ಒಂದು ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರು? ಹುಡುಗರು ಸಾವಿರ ಲೀಟರು, ಐದು ಸಾವಿರ ಲೀಟರು ಎಂದೆಲ್ಲ ಹೇಳುತ್ತಿದ್ದರು. ಒಂದು ಲಕ್ಷದ ಎರಡು ಸಾವಿರ ಲೀಟರಿಗೂ ಮೇಲೆ. ತೂಕದಲ್ಲಿ ನೂರು ಟನ್ನಿಗಿಂತ ಹೆಚ್ಚು. ಒಂದು ಇಂಚಿಗೆ! ಪುಷ್ಯ ಮಳೆಯ ದಿನ ನಮ್ಮಲ್ಲಿ ಐದಾರು ಇಂಚು ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಹಾಗಾದರೆ ನಮ್ಮ ಪುಟ್ಟ ತೋಟದ ಮೇಲೆ ಒಂದೇ ರಾತ್ರಿ ಎಷ್ಟು ಲಾರಿ ನೀರು ಬಂದು ಬಿತ್ತು? ಹೊತ್ತು ತಂದವರು ಯಾರು? ಎಲ್ಲಿಂದ? ಅದೂ ಒಂದು ಅಡಿಕೆ ಸಸಿಯ ಎಲೆ ಮುರಿಯದ ಹಾಗೆ ಇಳಿಸಿದ್ದು ಹೇಗೆ?

ಹುಡುಗರು ಈ ಹಂತಕ್ಕೆ ಬರುವ ಹೊತ್ತಿಗೆ ಅಪ್ಪಯ್ಯ ಹಳೇ ಅಟ್ಲಾಸು ತೆರೆದಿರುತ್ತಿದ್ದರು. ಭೂಮಧ್ಯರೇಖೆಯ ದಕ್ಷಿಣದ ಕಡಲಿನಲ್ಲಿ ಹೊರಟ ಗಾಳಿ ಆಫ್ರಿಕದ ಪೂರ್ವ ಕರಾವಳಿಯ ಬಳಿ ರೇಖೆ ದಾಟುತ್ತದೆ. ಭೂಮಿ ತಿರುಗುತ್ತಿರುವುದರಿಂದಲೇ ಅದು ಬಲಕ್ಕೆ ಬಾಗಿ, ಸೊಮಾಲಿಯಾದ ಪಕ್ಕದಲ್ಲಿ ವೇಗ ಪಡೆದು, ಇಡೀ ಅರಬ್ಬಿ ಸಮುದ್ರದ ಮೇಲಿನ ತೇವ ಕಟ್ಟಿಕೊಂಡು ಬಂದು ನಮ್ಮ ಘಟ್ಟಕ್ಕೆ ಮುಖ ಕೊಡುತ್ತದೆ. ಮೇಲೇರಬೇಕು, ಏರಿದರೆ ತಣಿಯಬೇಕು, ತಣಿದರೆ ಹೊರೆ ಇಳಿಸಬೇಕು. ಆಗುಂಬೆಯ ನೆತ್ತಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಅಲ್ಲಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರಿನ ಒಳಗೆ. ಅಲ್ಲಿ ವರ್ಷಕ್ಕೆ 500 ಮುಟ್ಟಿದರೆ ಅದೇ ಹೆಚ್ಚು. ಈ ಬೀಸುಗಾಳಿಯ ನಕ್ಷೆಯನ್ನು 1686ರಲ್ಲೇ ಒಬ್ಬ ಬರೆದಿದ್ದ, ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಎಡ್ಮಂಡ್ ಹ್ಯಾಲಿ ಎಂದು ಎಲ್ಲೋ ಓದಿದಾಗ ಅಪ್ಪಯ್ಯನಿಗೆ ಆದ ಖುಷಿ ಅಷ್ಟಿಷ್ಟಲ್ಲ. 1986ರಲ್ಲಿ ನಮ್ಮನ್ನೆಲ್ಲ ಬೆಳಗಿನ ಜಾವ ಎಬ್ಬಿಸಿ ಗುಡ್ಡ ಹತ್ತಿಸಿ ಹ್ಯಾಲಿ ಧೂಮಕೇತು ತೋರಿಸಲು ಹೋಗಿ, ಮಸುಕಾದ ಒಂದು ಮಚ್ಚೆ ಕಂಡು ನಾವು ಮುಖ ಸಣ್ಣ ಮಾಡಿದ್ದೆವು. “ನೋಡು, ಅವನ ಧೂಮಕೇತು ನಿಮಗೆ ಸರಿಯಾಗಿ ಕಾಣ್ಲಿಲ್ಲ, ಅವನ ಗಾಳಿ ಮಾತ್ರ ವರ್ಷಾ ವರ್ಷಾ ನಮ್ಮನೆ ಹಂಚು ಹಾರಿಸ್ತದೆ” ಎಂದು ನಕ್ಕಿದ್ದರು.

ಗೊತ್ತಾಗುತ್ತ ಹೋದಂತೆ ಬೆರಗು ಕಡಿಮೆಯಾಗುತ್ತದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ‘ಜೋರು ಮಳೆ’ ಅಂದವನಿಗೆ ಅದು ಜೋರು ಮಳೆ, ಅಷ್ಟೇ. ಕೊಡೆ ಬಿಡಿಸಿ ಹೋಗುತ್ತಾನೆ. ಲಕ್ಷ ಲೀಟರು ಎಂದು ಲೆಕ್ಕ ಹಾಕಿದವನು ಅಲ್ಲೇ ನಿಲ್ಲುತ್ತಾನೆ. ಪ್ರಶ್ನೆ ಹುಟ್ಟುವುದೇ ಆಮೇಲೆ. ಅಪ್ಪಯ್ಯನಿಗೆ ಉತ್ತರ ಸಿಕ್ಕಿದಾಗಲೆಲ್ಲ ಅದರ ಬೆನ್ನಿಗೆ ಇನ್ನೆರಡು ಪ್ರಶ್ನೆ ಬಂದು ಕೂರುತ್ತಿದ್ದವು, ಅವರು ಅವಕ್ಕೂ ಜಾಗ ಮಾಡಿಕೊಡುತ್ತಿದ್ದರು.

ಆದರೆ ಅವರನ್ನು ಮಳೆಯ ಭಕ್ತ ಎಂದು ಚಿತ್ರಿಸಿದರೆ ಅನ್ಯಾಯವಾದೀತು. ಮಲೆನಾಡಿನ ಅಡಿಕೆಯವರಿಗೆ ಮಳೆ ಕಾವ್ಯವಲ್ಲ. ಹೊಳವಿಲ್ಲದೆ ಎಂಟು ಹತ್ತು ದಿನ ಜಡಿ ಹಿಡಿದರೆ ಕೊಳೆ ಬರುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲ ಬಣ್ಣಗೆಟ್ಟ ಹಸಿ ಕಾಯಿ, ಮೇಲೆ ಬಿಳಿ ಬೂಷ್ಟು. ನಮ್ಮ ಬಾಲ್ಯದಲ್ಲಿ ಶಾಲೆಯ ಫೀಸು, ಸಾಲದ ಕಂತು, ಅತ್ತೆಯ ಮದುವೆ ಎಲ್ಲವೂ ಆ ಗೊನೆಗಳಲ್ಲಿ ತೂಗಾಡುತ್ತಿದ್ದವು. ಮಳೆ ಪುಸ್ತಕದ ಅಂಕಿ ಏರಿದಂತೆ ಅಪ್ಪಯ್ಯನ ಮಾತು ಇಳಿಯುತ್ತಿತ್ತು. ಎಂಟೂವರೆಯ ಅಳತೆಯ ನಂತರ ಅವರ ಮುಖ ನೋಡಿಯೇ ಅವತ್ತು ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂದು ನಮಗೆ ತಿಳಿದುಬಿಡುತ್ತಿತ್ತು.

ಮಳೆ ಹಿಡಿಯುವ ಮುಂಚೆ ಗೊನೆಗಳಿಗೆ ಔಷಧಿ ಹೊಡೆಯುವ ದಿನ ಮಾತ್ರ ಅವರು ಬೇರೆಯೇ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮರದ ಕೋಲಿನಲ್ಲಿ ಕಲಕುತ್ತ ಬೆರೆಸಬೇಕು. ಬೆರೆತಾಗ ಬರುವ ತಿಳಿನೀಲಿ ಬಣ್ಣ ನಾನು ಬೇರೆಲ್ಲೂ ಕಂಡಿಲ್ಲ. ಹದ ಸರಿಯಿದೆಯೇ ಎಂದು ನೋಡಲು ಅಪ್ಪಯ್ಯ ಉಜ್ಜಿ ಬೆಳಗಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ಹಿಡಿಯುತ್ತಿದ್ದರು. ಹೊರತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡುವಾಗಿದೆ, ಸುಣ್ಣ ಸಾಲದು, ಹೊಡೆದರೆ ಗೊನೆ ಸುಟ್ಟೀತು. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದುವುದು. ಅಲಗು ಹೊಳೆಯುತ್ತಲೇ ಹೊರಬಂದಾಗ “ಆಯ್ತು” ಎನ್ನುತ್ತಿದ್ದರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟದವರು ಕಂಡುಕೊಂಡ ಮದ್ದು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆಂದು ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮೂಲಕ ಮಲೆನಾಡಿನ ಅಡಿಕೆ ಮರ ಹತ್ತಿದ ಕತೆಯನ್ನು ಅಪ್ಪಯ್ಯ ಕೊನೆಗೌಡನಿಗೆ ಹೇಳುತ್ತಿದ್ದರು. ನಮಗೆ ಹೇಳುತ್ತಿರಲಿಲ್ಲ. ನಾವು ಕೊಡ ಹಿಡಿದು ನೀರು ಹೊರುತ್ತ ಕದ್ದು ಕೇಳುತ್ತಿದ್ದೆವು.

2019ರ ಆಶ್ಲೇಷದಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಜರಿದು ತೋಟ, ಮನೆ, ಜನರನ್ನು ಮುಚ್ಚಿದವು. ಚಾರ್ಮಾಡಿ ಘಾಟಿಯ ರಸ್ತೆ ತುಂಡುತುಂಡಾಯಿತು. ಆ ವಾರ ಅಪ್ಪಯ್ಯ ಅಳತೆ ತಪ್ಪಿಸಲಿಲ್ಲ. ಅಂಕಿಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಬೆರಗಿಗೆ ಭಯ ತೀರ ಹತ್ತಿರದ ನೆಂಟ. ಭಯವಿಲ್ಲದ ಬೆರಗು ಪ್ರವಾಸಿಗಳದ್ದು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಹೋಂಸ್ಟೇಗೆ ಬಂದು ‘ವಾಹ್’ ಎಂದು ಮಳೆಯ ವಿಡಿಯೋ ಮಾಡಿಕೊಂಡು ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವರು ನೋಡಿದ ಮಳೆಯೇ ಬೇರೆ.

ತೋಟದ ಹೊಣೆ ಅಣ್ಣನ ಹೆಗಲಿಗೆ ಹೋದದ್ದೂ, ಮೊಮ್ಮಕ್ಕಳು ಹುಟ್ಟಿದ್ದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಆಮೇಲಿನ ಅಪ್ಪಯ್ಯನನ್ನು ಕಂಡು ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡಿದ್ದುಂಟು. ನಮ್ಮ ಪಾಲಿಗೆ ಬರೀ ಅಂಕಿಯಾಗಿದ್ದ ಮಳೆ ಮೊಮ್ಮಕ್ಕಳ ಪಾಲಿಗೆ ಕತೆಯಾಗಿ ಸುರಿಯತೊಡಗಿತ್ತು. ಅಳತೆಗಾಜಿನಿಂದ ನೀರು ಚೆಲ್ಲುವ ಕೆಲಸ ನನ್ನ ಮಗಳಿಗೆ, ಗೋಟು ಅಡಿಕೆ ಇಡುವ ಕೆಲಸ ಅಣ್ಣನ ಮಗನಿಗೆ. ಎಣಿಕೆ ನಡೆಯುವಾಗ ಇಬ್ಬರೂ ವಟಗುಟ್ಟುತ್ತಲೇ ಇರುತ್ತಿದ್ದರು. ನಾವಾಗಿದ್ದರೆ ಬೆನ್ನ ಮೇಲೆ ಬೀಳುತ್ತಿತ್ತು!

ಒಂದು ಮಧ್ಯಾಹ್ನ ಜಗಲಿಯಲ್ಲಿ ಹಲಸಿನ ಹಪ್ಪಳ ಮೆಲ್ಲುತ್ತ ಅವರು ಮಗಳಿಗೆ ಘಟ್ಟದ ಪಾಠ ಮಾಡುತ್ತಿದ್ದರು. “ನಮ್ಮನೆ ಮಾಡು ನೋಡು. ನೆತ್ತಿಯ ಈಚೆ ಬಿದ್ದ ಹನಿ ಅಂಗಳಕ್ಕೆ, ಆಚೆ ಬಿದ್ದದ್ದು ಹಿತ್ತಿಲಿಗೆ. ಗಂಗಾಮೂಲದ ಗುಡ್ಡವೂ ಹಾಗೇ. ಆಚೆ ಬಿದ್ದದ್ದು ನೇತ್ರಾವತಿ. ಎರಡು ದಿನದಲ್ಲಿ ಮಂಗಳೂರು, ಬಂದ ಕಡಲಿಗೇ ವಾಪಸು. ಈಚೆ ಬಿದ್ದದ್ದು ನಮ್ಮ ತುಂಗೆ. ಶೃಂಗೇರಿ ಮೀನಿನ ಜೊತೆ ಆಡಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ, ಕೂಡ್ಲಿಯಲ್ಲಿ ಭದ್ರೆಯ ಕೈ ಹಿಡಿದು, ಹೊಸಪೇಟೆ ಅಣೆಕಟ್ಟಿನಲ್ಲಿ ಕೂತು, ಹಂಪಿ ಬಂಡೆ ಬಳಸಿ, ಮಂತ್ರಾಲಯ ನೋಡಿ, ಕೃಷ್ಣೆಗೆ ಸೇರಿ, ಆಂಧ್ರ ದಾಟಿ ಬಂಗಾಳ ಕೊಲ್ಲಿ.”

“ಎಲ್ಲಿಗೆ ಹೋಗ್ಬೇಕು ಅಂತ ಹನಿಗೆ ಗೊತ್ತಿರ್ತದಾ ಅಜ್ಜಯ್ಯ?”

“ಎಂತ ಗೊತ್ತಿರ್ತದೆ ಮಾರಾಯ್ತಿ! ಗಾಳಿ ಒಂದು ಗೇಣು ಆಚೆ ತಳ್ಳಿದ್ರೆ ಸಮುದ್ರವೇ ಬದಲು.”

ಅವಳು ಹಪ್ಪಳ ಕೈಯಲ್ಲೇ ಹಿಡಿದು ಮಾಡಿನ ನೆತ್ತಿಯನ್ನೇ ನೋಡುತ್ತ ಕೂತಳು. ಅಜ್ಜ ಅವಳನ್ನು ನೋಡುತ್ತ ಕೂತರು. ಹನಿ ಅಷ್ಟು ಮೇಲಿನಿಂದ ಬಿದ್ದರೂ ತಲೆ ಒಡೆಯುವುದಿಲ್ಲ ಏಕೆ ಎಂಬ ಪ್ರಶ್ನೆಗೆ ಮರುದಿನ ಇಬ್ಬರೂ ಕೂತು ಲೆಕ್ಕ ಹಾಕಿದರು. ಎರಡು ಕಿಲೋಮೀಟರು ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ ಏಳುನೂರು ಕಿಲೋಮೀಟರು ವೇಗ. ಗಾಳಿಯ ತಡೆಯಿಂದಾಗಿ ದಪ್ಪ ಹನಿಯೂ ಮೂವತ್ತರ ಆಸುಪಾಸಿನಲ್ಲೇ ಉಳಿಯುತ್ತದೆ. “ಗಾಳಿ ಇಲ್ಲದಿದ್ರೆ ಆರಿದ್ರಾ ಮಳೆ ಅಂದ್ರೆ ಗುಂಡಿನ ಮಳೆ!” ಎಂದು ಮಗಳು ರಾತ್ರಿ ನನಗೆ ಫೋನಿನಲ್ಲಿ ಹೇಳಿದಳು. ಬೆಂಗಳೂರಿನಲ್ಲಿ ಆಗ ಟ್ರಾಫಿಕ್ಕಿನ ನಡುವೆ ಕಾರಿನ ಗಾಜಿನ ಮೇಲೆ ಹನಿ ಬೀಳುತ್ತಿತ್ತು. ಹಿಂದಿನವನು ಹಾರ್ನ್ ಹೊಡೆದಾಗಲೇ ಸಿಗ್ನಲ್ ಹಸಿರಾದದ್ದು ತಿಳಿದದ್ದು.

ಇದೇ ಮನುಷ್ಯ ನಮ್ಮೊಂದಿಗೆ ಯಾಕೆ ಹೀಗಿರಲಿಲ್ಲ? ಬಹಳ ಕಾಲ ನಾನು ಅದನ್ನು ವಯಸ್ಸಿನ ಮೆತ್ತಗಾಗುವಿಕೆ ಎಂದುಕೊಂಡಿದ್ದೆ. ಅಜ್ಜಂದಿರೆಲ್ಲ ಹಾಗೇ ಅಲ್ಲವೇ. ಆದರೆ ಮಳೆ ಪುಸ್ತಕಗಳನ್ನು ತಿರುವಿದರೆ ಆ ವಿವರಣೆ ನಿಲ್ಲುವುದಿಲ್ಲ. ಕೊಳೆ ಬಂದು ತೋಟ ನೆಲಕಚ್ಚಿದ ವರ್ಷಗಳಲ್ಲೂ ಅಕ್ಷರ ಅಷ್ಟೇ ದುಂಡಗಿದೆ, ಬೇಸಿಗೆಯ ಸೊನ್ನೆಗಳ ಪಕ್ಕದಲ್ಲಿ ‘ಹನಿ’ಗಳೂ ಇವೆ. ಬೆರಗು ಆಗಲೂ ಅಷ್ಟೇ ಇತ್ತು. ಅದನ್ನು ಗಟ್ಟಿಯಾಗಿ ಹೇಳುವ ಧೈರ್ಯ, ಸಾಲ ತೀರಿಸಬೇಕಾದ ಮನುಷ್ಯನಿಗೆ ಇರಲಿಲ್ಲ. ಮೇಲಿನ ಮನೆಯ ರಾಯರ ಹಾಗೆ ನಾವೂ ಕೇಳಿಬಿಟ್ಟರೆ, ಅದರಿಂದೇನು ಬಂತು ಎಂದು? ಮೊಮ್ಮಕ್ಕಳು ಹಾಗೆ ಕೇಳುವವರಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮೊದಲ ಮಳೆಯ ವಾಸನೆಯ ಬಗ್ಗೆ ನಾನೊಮ್ಮೆ ಅವರಿಗೆ ಓದಿ ಹೇಳಿದೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಅದನ್ನು ಬೆನ್ನುಹತ್ತಿದರಂತೆ. ಒಣಗಾಲದಲ್ಲಿ ಗಿಡಗಳಿಂದ ಬಂದ ಎಣ್ಣೆ ಕಲ್ಲುಮಣ್ಣಿನಲ್ಲಿ ಕೂತಿರುತ್ತದೆ. ಅದರೊಂದಿಗೆ ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತು. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗಿಗೆ ಅದು ತಿಳಿಯುತ್ತದೆ. ಅದನ್ನು ಮಾಡುವ ಸ್ಟ್ರೆಪ್ಟೊಮೈಸೀಸ್ ಕುಲದ ಜೀವಿಯೊಂದರಿಂದಲೇ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧಿ ಸಿಕ್ಕಿದ್ದು. ಇಷ್ಟು ಓದಿದಾಗ ಅಪ್ಪಯ್ಯ ಎದ್ದು ಕೂತರು. ಅವರ ಚಿಕ್ಕಪ್ಪ ಕ್ಷಯ ಹಿಡಿದು, ಮನೆಯವರು ಆಸೆ ಬಿಟ್ಟ ಮೇಲೆ ಬದುಕಿ ಉಳಿದದ್ದು ಅದೇ ಇಂಜೆಕ್ಷನ್ನಿನಿಂದ.

“ಹಾಗಾದ್ರೆ ಚಿಕ್ಕಪ್ಪಯ್ಯನ್ನ ಉಳಿಸಿದ್ದು ಈ ಪರಿಮಳದ ಮನೆಯವ್ರೇ ಅನ್ನು!”

ಆ ವರ್ಷದ ಮೊದಲ ಮಳೆಗೆ ಅವರು ಅಂಗಳಕ್ಕಿಳಿದು ಮೂಗರಳಿಸಿ ನಿಂತದ್ದನ್ನು ಅಮ್ಮ ಕಿಟಕಿಯಿಂದ ನೋಡಿ, “ಇವರಿಗೆ ಎಂತ ಆಯ್ತು, ಶೀತ ಹಿಡಿಸ್ಕೊಳ್ತಾರೆ” ಎಂದು ಕೂಗಿದ್ದಳು. ಪರಿಮಳಕ್ಕೆ ಕಾರಣ ತಿಳಿಯದಿದ್ದ ವರ್ಷಗಳಲ್ಲಿ ಅವರು ಹಾಗೆ ನಿಂತದ್ದಿಲ್ಲ.

ಅಣ್ಣನ ಮಗ ಇಂಜಿನಿಯರಿಂಗ್ ಸೇರಿದ ಮೇಲೆ ಮನೆಗೆ ಹೊಸ ಗಾಳಿ ಬಂತು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನಾಗಿಯೇ ಅಳೆದು ಕಳಿಸುವ ಮಳೆಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಅವನು ಫೋನಿನಲ್ಲಿ ನಮ್ಮ ಪಂಚಾಯಿತಿಯ ಅಂಕಿ ತೋರಿಸಿದ. ಅದಕ್ಕೂ ಅಪ್ಪಯ್ಯನ ಪುಸ್ತಕಕ್ಕೂ ತಾಳೆಯಾಗಲಿಲ್ಲ. ಮಧ್ಯೆ ಇರುವುದು ಒಂದು ಗುಡ್ಡ ಮಾತ್ರ, ಆದರೂ ಒಂದು ದಿನ ಅಲ್ಲಿ ಹೆಚ್ಚು, ಇನ್ನೊಂದು ದಿನ ಇಲ್ಲಿ. ಯಾರದ್ದು ಸರಿ ಎಂದು ಹುಡುಗ ತಲೆ ಕೆರೆದುಕೊಂಡ. ಎರಡೂ ಸರಿ ಅಂದರು ಅಜ್ಜ. ಗುಡ್ಡದ ಆ ಮೈಯ ಮಳೆಯೇ ಬೇರೆ, ಈ ಮೈಯದ್ದೇ ಬೇರೆ. ಅವನು ಆಮೇಲೆ ಎಲ್ಲಿಂದಲೋ ಒಂದು ಅಧ್ಯಯನ ಹುಡುಕಿ ತಂದ. ಜಗತ್ತಿನಲ್ಲಿ ಮಾಹಿತಿ ಸಿಗುವ ಅಷ್ಟೂ ಮಳೆಮಾಪಕಗಳ ಬಾಯಿಯನ್ನು ಒಟ್ಟು ಸೇರಿಸಿದರೆ ಅರ್ಧ ಫುಟ್‌ಬಾಲ್ ಮೈದಾನವೂ ಆಗುವುದಿಲ್ಲ ಎಂದು 2017ರಲ್ಲಿ ಲೆಕ್ಕ ಹಾಕಿದ್ದರಂತೆ. ಇಡೀ ಭೂಮಿಯ ಮಳೆಯನ್ನು ನಾವು ಅರಿತಿರುವುದು ಅಷ್ಟು ಕಿಂಡಿಯಿಂದ! ಅಪ್ಪಯ್ಯ ತಮ್ಮ ಮಾಪಕದ ಲೆಕ್ಕ ತೆಗೆದರು. ಐದು ಇಂಚಿನ ಬಾಯಿ ಎಂದರೆ ಒಂದು ಎಕರೆಯ ಮೂರು ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಉಳಿದದ್ದೆಲ್ಲ ಊಹೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ವರ್ಷದ ಶ್ರಮ ವ್ಯರ್ಥವಾಯಿತು ಎಂದು ಪೆಚ್ಚಾಗುತ್ತಿದ್ದರೇನೋ. ಅವರ ಮುಖ ಅರಳಿತ್ತು.

“ನಾವು ಹಿಡಿದದ್ದು ಇಷ್ಟೇ ಇಷ್ಟು. ತಪ್ಪಿಸಿಕೊಂಡದ್ದು ಎಷ್ಟು ನೋಡು!”

ಅರ್ಥಶಾಸ್ತ್ರದಲ್ಲಿ ಕೌಟಿಲ್ಯ, ಉಗ್ರಾಣದ ಬಳಿ ಒಂದು ಮೊಳ ಬಾಯಿಯ ಕುಂಡ ಇಟ್ಟು ಮಳೆ ಅಳೆಯಬೇಕು ಎಂದಿದ್ದಾನೆ, ಯಾವ ಸೀಮೆಗೆ ಎಷ್ಟು ಮಳೆ ಎಂಬ ಪಟ್ಟಿಯನ್ನೂ ಕೊಟ್ಟಿದ್ದಾನೆ. ಆ ಗ್ರಂಥದ ತಾಳೆಗರಿ ಕಟ್ಟು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂತು, 1909ರಲ್ಲಿ ಅಚ್ಚಾಯಿತು. ಅಪ್ಪಯ್ಯನಿಗೆ ಈ ಸಂಗತಿಯಲ್ಲಿ ಇಷ್ಟವಾಗಿದ್ದು ಕುಂಡವಲ್ಲ, ಉಗ್ರಾಣ. “ಮಳೆ ಅಳೆಯೋ ಪಾತ್ರೆ ದೇವಸ್ಥಾನದಲ್ಲಿ ಇಡ್ಲಿಲ್ಲ, ಅಕ್ಕಿ ಇಡುವಲ್ಲಿ ಇಟ್ಟ. ಬುದ್ಧಿವಂತ” ಎನ್ನುತ್ತಿದ್ದರು. ಕೊಳೆಯ ವರ್ಷಗಳನ್ನು ಕಂಡವರು ಹೇಳುವ ಮಾತು.

ಕೊನೆಯ ದಿನಗಳಲ್ಲಿ ಅಂಗಳಕ್ಕಿಳಿಯಲು ಆಗುತ್ತಿರಲಿಲ್ಲ. ಅಣ್ಣ ಅಳೆದು ಬಂದು ಹೇಳುತ್ತಿದ್ದ. ಅಪ್ಪಯ್ಯ “ಕಣ್ಣ ಮಟ್ಟಕ್ಕೆ ಹಿಡಿದ್ಯಾ?” ಎಂದು ಕೇಳದೆ ಬರೆಯುತ್ತಿರಲಿಲ್ಲ. ಅವರು ಹೋದದ್ದು ಚಳಿಗಾಲದಲ್ಲಿ. ಹದಿಮೂರನೇ ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಗೆದ್ದಲು ಬಡಿದಿದೆಯೇ ಎಂದು ನೋಡಿದೆವು. ಇಲ್ಲ, ಹೊಗೆ ತಾಗಿ ಚೆನ್ನಾಗಿಯೇ ಇದ್ದವು. ಮನೆಯವರ ಹುಟ್ಟು, ಮದುವೆ, ಸಾವು ಯಾವುದೂ ಅಲ್ಲಿ ನಮೂದಾಗಿಲ್ಲ. ಮಳೆಯ ಪುಸ್ತಕದಲ್ಲಿ ಮಳೆ ಮಾತ್ರ.

ಮುಂದೇನು ಎಂಬ ಚರ್ಚೆ ಆಗಲೇ ಶುರುವಾಯಿತು. ಅಣ್ಣನಿಗೆ ಪುರುಸೊತ್ತಿಲ್ಲ. ಅವನ ಮಗ ತಾನೇ ಒಂದು ಯಂತ್ರ ಮಾಡಿ ನಿಲ್ಲಿಸಿದ. ಒಳಗೆ ಎರಡು ಪುಟ್ಟ ಬಟ್ಟಲು, ಒಂದು ತುಂಬಿದೊಡನೆ ಮಗುಚಿ ಇನ್ನೊಂದು ಮೇಲೇಳುತ್ತದೆ, ಮಗುಚಿದ ಲೆಕ್ಕ ಫೋನಿಗೆ ಬರುತ್ತದೆ. ಬೆಂಗಳೂರಿನಲ್ಲಿ ಕೂತ ನನಗೂ, ಹಾಸ್ಟೆಲಿನಲ್ಲಿರುವ ನನ್ನ ಮಗಳಿಗೂ ಬರುತ್ತದೆ. ಮಗಳಿಗೆ ಇದು ಒಪ್ಪಿಗೆಯಿಲ್ಲ. “ಅದು ನೋಡದೇ ಸೊನ್ನೆ ಬರೀತದೆ” ಎಂದು ಅವಳ ತಕರಾರು. “ಅಜ್ಜಯ್ಯ ದಿನಕ್ಕೊಂದು ಸಲ ನೋಡ್ತಿದ್ರು, ಇದು ದಿನವಿಡೀ ನೋಡ್ತಿರ್ತದೆ, ಯಾರು ಹೆಚ್ಚು?” ಎಂದು ಅವನ ವಾದ. ನನಗೆ ಇಬ್ಬರದ್ದೂ ಸರಿ ಎನಿಸಿ ಸುಮ್ಮನಿದ್ದೆ.

ಮೊನ್ನೆ ಆರಿದ್ರಾ ಹಿಡಿದ ಬೆಳಿಗ್ಗೆ ಅವನೇ ಫೋನ್ ಮಾಡಿದ. “ಅತ್ತೆ, ಹೊರಗೆ ಮಳೆ ಹುಯ್ತಾ ಇದೆ, ಫೋನಿನಲ್ಲಿ ಸೊನ್ನೆ ಬರ್ತಾ ಇದೆ!” ಕೊಡೆ ಹಿಡಿದು ಹೋಗಿ ಬಿಚ್ಚಿ ನೋಡಿದರೆ ಬೇಸಿಗೆಯಲ್ಲಿ ಕಣಜವೊಂದು ಬಟ್ಟಲಿನ ಅಡಿಗೆ ಮಣ್ಣಿನ ಗೂಡು ಕಟ್ಟಿ, ಬಟ್ಟಲು ಮಗುಚದ ಹಾಗೆ ಮಾಡಿಬಿಟ್ಟಿತ್ತು. ನೀರೆಲ್ಲ ಪಕ್ಕದಿಂದ ಹರಿದುಹೋಗಿತ್ತು. ಗೂಡು ಕಿತ್ತು ಎಸೆಯುತ್ತಾನೆಂದುಕೊಂಡೆ. ಅವನು ಸ್ಕೇಲ್ ಇಟ್ಟು ಅಳೆದಿದ್ದ. ಒಳಗೆ ಎಷ್ಟು ಕೋಣೆ, ಒಂದೊಂದು ಕೋಣೆಗೂ ಎಷ್ಟು ಸಲ ಮಣ್ಣು ಹೊತ್ತು ತಂದಿರಬಹುದು, ಹತ್ತಿರದ ಕೆಸರು ಎಲ್ಲಿತ್ತು ಎಂದು ಅರ್ಧ ಗಂಟೆ ಮಾತಾಡಿದ. ಒಳಗೆ ಮರಿ ಇರಬಹುದು, ಅದು ಹೊರಗೆ ಬರುವ ತನಕ ಯಂತ್ರ ಬಂದ್. ಹಳೇ ಮಾಪಕವನ್ನೇ ಉಜ್ಜಿ ನಿಲ್ಲಿಸಿದ್ದಾನಂತೆ. ಅಳತೆಗಾಜು ಅಟ್ಟದ ಮೇಲೆ ಸಿಕ್ಕಿತಂತೆ. ಗೋಟು ಅಡಿಕೆಗೆ ಈಗ ಒಳ್ಳೇ ರೇಟಿದೆ, ಅದರ ಬದಲು ಹುಣಸೆಬೀಜ ಇಟ್ಕೊಳ್ಳಪ್ಪ ಎಂದು ಅಣ್ಣ ಹಿಂದಿನಿಂದ ಹೇಳುತ್ತಿದ್ದುದು ಫೋನಿನಲ್ಲಿ ಕೇಳಿಸಿತು.